ಡೊಳ್ಳಿನ ಶ್ರುತಿಯಿಂದ ಸಬ್‌ಬಾಸ್ ಕಟ್ಟಿದ ಬಗೆ: ನನ್ನ ಅನುಭವ

ಡೊಳ್ಳಿನ ಕೆಳದನಿಯನ್ನು ಕತ್ತರಿಸದೆ ಹಾಗೆಯೇ ಉಳಿಸಿಕೊಂಡು, ಅದರ ಬುಡದಲ್ಲಿ ಸಬ್‌ಬಾಸ್ (ಕಿವಿಗಿಂತ ಮೈಗೆ ತಾಗುವ ಅತಿ ಕೆಳದನಿ) ಇಟ್ಟು, 140 ಬಿಪಿಎಂನ (ನಿಮಿಷಕ್ಕೆ 140 ಬಡಿತದ) ಟ್ರ್ಯಾಕ್ ಒಂದನ್ನು ದೊಡ್ಡ ಸೌಂಡ್ ಸಿಸ್ಟಮ್‌ನಲ್ಲಿ ಕೆಸರಾಗದಂತೆ ನುಡಿಸಬಹುದು ಎಂದು ನಾನು ಹೇಳಿದಾಗ ನಂಬಿದವರು ಯಾರೂ ಇರಲಿಲ್ಲ. ನನಗಿಂತ ಹೆಚ್ಚು ಅನುಭವವಿದ್ದ ಇಬ್ಬರು ಮಿಕ್ಸಿಂಗ್ ಎಂಜಿನಿಯರ್‌ಗಳು, ಡೊಳ್ಳಿನಲ್ಲಿ 120 ಹರ್ಟ್ಜ್‌ಗಿಂತ ಕೆಳಗಿರುವುದನ್ನೆಲ್ಲ ತೆಗೆದುಹಾಕಿ ಅಲ್ಲೊಂದು ಸಿದ್ಧ ಕಿಕ್ ಸ್ಯಾಂಪಲ್ ಕೂರಿಸಬೇಕೆಂದೂ, ಡೊಳ್ಳು ಬಣ್ಣಕ್ಕಷ್ಟೇ ಮೇಲೆ ಇರಲೆಂದೂ ಸಲಹೆ ಕೊಟ್ಟರು. ಆ ಸಲಹೆಯನ್ನು ಒಪ್ಪಿಕೊಂಡಿದ್ದರೆ ನನಗೆ ಮೂರು ವರ್ಷವೂ ಹೆಚ್ಚುಕಡಿಮೆ ಮೂರು ಲಕ್ಷ ರೂಪಾಯಿಯೂ ಉಳಿಯುತ್ತಿದ್ದವು. ಆದರೆ ಡೊಳ್ಳು ಎದೆಗೂಡಿನಲ್ಲಿ ಕೇಳಿಸುವ ವಾದ್ಯ. ಅದರ ಎದೆಯನ್ನೇ ಕೊಯ್ದು ತೊಗಲಿನ ಚಟ್ ಸದ್ದನ್ನು ಮಾತ್ರ ಇಟ್ಟುಕೊಳ್ಳುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಈ ವಿಧಾನದಲ್ಲಿ ಮಾಡಿದ ನಾಲ್ಕು ಟ್ರ್ಯಾಕ್‌ಗಳು ಈಗ ಹೊರಬಂದಿವೆ, ಅವುಗಳಲ್ಲಿ ಎರಡು ವಿನೈಲ್ ಆಗಿ ಅಚ್ಚಾಗಿವೆ. ಏಬಲ್ಟನ್ (ಸಂಗೀತ ಕಟ್ಟುವ ತಂತ್ರಾಂಶ), ಸೀರಮ್ (ಸಿಂಥ್ ತಂತ್ರಾಂಶ), ಸ್ಯಾಚುರೇಷನ್ (ಅಲೆಯನ್ನು ಒತ್ತಿ ಹೊಸ ಮೇಲ್ದನಿಗಳನ್ನು ಹುಟ್ಟಿಸುವುದು) ಇವೆಲ್ಲ ಗೊತ್ತಿರುವವರಿಗಾಗಿ ಬರೆಯುತ್ತಿರುವುದರಿಂದ ಮೂಲಪಾಠಗಳಿಗೆ ಹೋಗುವುದಿಲ್ಲ.

ಈ ಹುಚ್ಚು ಹಿಡಿದದ್ದು ಲಂಡನ್ನಿನಲ್ಲಿ. 2008ರಲ್ಲಿ ಕಂಪನಿಯ ಕೆಲಸದ ಮೇಲೆ ಏಳು ತಿಂಗಳು ಅಲ್ಲಿದ್ದಾಗ, ಬ್ರಿಕ್ಸ್‌ಟನ್‌ನ ಚರ್ಚ್ ಕಟ್ಟಡವೊಂದರೊಳಗೆ ನಡೆಯುತ್ತಿದ್ದ ಡಿಎಂಝಡ್ ಎಂಬ ಸಂಗೀತ ರಾತ್ರಿಗೆ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದರು. ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನ ಹುಡುಗರು ಜಮೈಕಾದ ಸೌಂಡ್ ಸಿಸ್ಟಮ್ ಪರಂಪರೆಯನ್ನು ತಮ್ಮ ಮಲಗುವ ಕೋಣೆಯ ಕಂಪ್ಯೂಟರಿಗೆ ತಂದು ಡಬ್‌ಸ್ಟೆಪ್ ಎಂಬ, ಕೆಳದನಿಯೇ ಜೀವಾಳವಾದ ಎಲೆಕ್ಟ್ರಾನಿಕ್ ಸಂಗೀತವನ್ನು ಕಟ್ಟಿದ ಕಥೆ ನಿಮಗೆಲ್ಲ ಗೊತ್ತಿರುವುದೇ. ಮಾಲಾ, ಕೋಕಿ, ಲೋಫಾ ನಡೆಸುತ್ತಿದ್ದ ಆ ರಾತ್ರಿಗಳ ಕರಪತ್ರದಲ್ಲಿ ಬಾಸ್‌ನ ಭಾರದ ಮೇಲೆ ಧ್ಯಾನ ಮಾಡಲು ಬನ್ನಿ ಎಂಬ ಆಹ್ವಾನವಿರುತ್ತಿತ್ತು. ಅಲ್ಲಿ ಸಬ್‌ನ ಮೊದಲ ಸ್ವರ ಬಂದು ಪ್ಯಾಂಟಿನ ಬಟ್ಟೆ ಕಾಲಿಗೆ ತಾಗಿ ನಡುಗಿದಾಗ ನನಗೆ ನೆನಪಾದದ್ದು ನಮ್ಮ ಹಾವೇರಿ ಕಡೆಯ ಜಾತ್ರೆ. ಬೀರಪ್ಪನ ಗುಡಿಯ ಮುಂದೆ ಹನ್ನೆರಡು ಡೊಳ್ಳುಗಳು ಒಟ್ಟಿಗೆ ಬಿದ್ದಾಗ ಆಗುವ ಅನುಭವವೂ ಅದೇ ಆಗಿತ್ತು, ನಾನು ಎಂಟು ವರ್ಷದವನಿದ್ದಾಗಲೇ ಅದನ್ನು ಪಡೆದಿದ್ದೆ. ಈ ಎರಡನ್ನೂ ಒಂದೇ ಟ್ರ್ಯಾಕ್‌ನಲ್ಲಿ ತರಬೇಕೆಂಬ ಹಟ ಅಂದೇ ಹುಟ್ಟಿತು. ಅದಕ್ಕೆ ತಕ್ಕ ಕಿವಿ ಮತ್ತು ಕೋಣೆ ದೊರಕಲು ಮುಂದೆ ಏಳೆಂಟು ವರ್ಷ ಬೇಕಾಯಿತು.

ಬೆಂಗಳೂರಿಗೆ ಮರಳಿದ ಮೇಲೆ ಬನಶಂಕರಿಯ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಸ್ಟುಡಿಯೋ ಮಾಡಿಕೊಂಡೆ. ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಐದು ಇಂಚಿನ ಮಾನಿಟರ್ ಜೋಡಿಗೆ ಸುಮಾರು 24 ಸಾವಿರ ಕೊಟ್ಟಿದ್ದೆ, ಆಮೇಲೆ ಕೆಳದನಿ ಸಾಲದೆಂದು 40 ಸಾವಿರ ಕೊಟ್ಟು ಒಂದು ಸಬ್‌ವೂಫರ್ ತಂದೆ. ಎರಡು ಇಂಚಿನ ಫೋಮ್‌ನ ಪಿರಮಿಡ್ ಹಾಳೆಗಳನ್ನು ಗೋಡೆಯ ತುಂಬ ಅಂಟಿಸಿದ್ದಕ್ಕೆ 14 ಸಾವಿರ ಹೋಯಿತು. ಆ 14 ಸಾವಿರವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ 47 ಹರ್ಟ್ಜ್‌ನ ಅಲೆಯ ಕಾಲು ಭಾಗವೇ ಆರು ಅಡಿ ಇರುವಾಗ ಎರಡು ಇಂಚಿನ ಫೋಮ್ ಅದನ್ನು ಮುಟ್ಟುವುದೂ ಇಲ್ಲ. ಫೋಮ್ ಮಾಡಿದ್ದೆಂದರೆ ಮೇಲಿನ ದನಿಯನ್ನೆಲ್ಲ ಹೀರಿ ಕೋಣೆಯನ್ನು ಮಂಕಾಗಿಸಿದ್ದು ಮಾತ್ರ.

2013ರಲ್ಲಿ ನಗರದ ಒಂದು ಪಬ್‌ನಲ್ಲಿ ನನಗೆ ಒಂದು ಗಂಟೆಯ ಸೆಟ್ ಸಿಕ್ಕಿತು. ನನ್ನದೇ ಐದು ಟ್ರ್ಯಾಕ್‌ಗಳನ್ನು ಹಾಕಿದೆ. ಮೂರನೆಯದರಲ್ಲಿ ಬಾಸ್ ಬಂದ ಕ್ಷಣ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸಾಧನ) ಕೆಂಪಾಗಿ, ಸ್ನೇರ್‌ನಿಂದ ಹಿಡಿದು ದನಿಯವರೆಗೆ ಎಲ್ಲವೂ ಉಸಿರುಗಟ್ಟಿದಂತೆ ಒಳಕ್ಕೆ ಹೋಗಿ ಹೊರಕ್ಕೆ ಬರತೊಡಗಿತು. ಸೌಂಡ್ ಎಂಜಿನಿಯರ್ ಓಡಿ ಬಂದು ಸಬ್‌ನ ಮಟ್ಟವನ್ನೇ ಇಳಿಸಿದರು; ಉಳಿದ ನಲವತ್ತು ನಿಮಿಷ ಬಾಸ್ ಇಲ್ಲದ ಬಾಸ್ ಸಂಗೀತವನ್ನು ನುಡಿಸಿ ಇಳಿದೆ. ಒಪ್ಪಿಕೊಂಡಿದ್ದ ಐದು ಸಾವಿರವೂ ಬರಲಿಲ್ಲ.

ಕಾರಣ ಹುಡುಕಲು ಎರಡು ತಿಂಗಳು ಹಿಡಿಯಿತು. ಅಳತೆಯ ಮೈಕ್ ಒಂದನ್ನು ಏಳು ಸಾವಿರಕ್ಕೆ ಕೊಂಡು, ರೂಮ್ ಈಕ್ಯೂ ವಿಜಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಕೋಣೆಯನ್ನು ಅಳೆದಾಗ ವಿಷಯ ಬೆಳಕಿಗೆ ಬಂತು. ಹನ್ನೆರಡು ಅಡಿ ಉದ್ದದ ಕೋಣೆಗೆ ಮೊದಲ ಅನುರಣನ 47 ಹರ್ಟ್ಜ್‌ನ ಬಳಿ ಬರುತ್ತದೆ, ಮತ್ತು ಆ ಅನುರಣನದ ಒತ್ತಡ ಕೋಣೆಯ ನಟ್ಟನಡುವೆ ಇಲ್ಲವಾಗುತ್ತದೆ. ನನ್ನ ಕುರ್ಚಿ ಇದ್ದದ್ದು ಸರಿಯಾಗಿ ಆ ನಟ್ಟನಡುವೆಯೇ. ನಾನು ಬಹುತೇಕ ಟ್ರ್ಯಾಕ್‌ಗಳನ್ನು ಎಫ್ ಅಥವಾ ಎಫ್ ಶಾರ್ಪ್‌ನಲ್ಲಿ, ಅಂದರೆ 43ರಿಂದ 46 ಹರ್ಟ್ಜ್‌ನ ಮೂಲದಲ್ಲಿ ಬರೆಯುತ್ತಿದ್ದೆ. ಕುಳಿತ ಜಾಗದಲ್ಲಿ ಆ ಸ್ವರಗಳು ಸುಮಾರು ಹತ್ತು ಡೆಸಿಬಲ್‌ನಷ್ಟು ಕಡಿಮೆ ಕೇಳಿಸುತ್ತಿದ್ದುದರಿಂದ ಅಷ್ಟನ್ನೂ ನಾನೇ ಮೇಲೆತ್ತಿ ಕೊಡುತ್ತಿದ್ದೆ. ಪಬ್‌ನ ಹದಿನೆಂಟು ಇಂಚಿನ ಸ್ಪೀಕರ್‌ಗಳು ಆ ಹೆಚ್ಚುವರಿಯನ್ನೆಲ್ಲ ಪ್ರಾಮಾಣಿಕವಾಗಿ ಹೊರಹಾಕಿದ್ದವು.

ಕುರ್ಚಿಯನ್ನು ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ಸರಿಸಿದ್ದಕ್ಕೆ ಖರ್ಚು ಏನೂ ಆಗಲಿಲ್ಲ, ಅರ್ಧ ತೊಂದರೆ ಅಲ್ಲಿಗೇ ಹೋಯಿತು. ಉಳಿದದ್ದಕ್ಕೆ ಮೂಲೆಗಳಲ್ಲಿ ಆರು ಇಂಚು ದಪ್ಪದ ರಾಕ್‌ವೂಲ್ ಚೌಕಟ್ಟುಗಳನ್ನು ಬಡಗಿಯಿಂದ ಮಾಡಿಸಿದೆ. ಎಲ್ಲ ಸೇರಿ 18 ಸಾವಿರ ಆಗಿರಬೇಕು. ಅದಕ್ಕೂ ಮುನ್ನ ದುಡ್ಡು ಉಳಿಸಲು ಊರಿನಿಂದ ಹಳೆಯ ಹತ್ತಿ ಹಾಸಿಗೆಗಳನ್ನು ತಂದು ಮೂಲೆಗೆ ನಿಲ್ಲಿಸಿ ಅಳೆದಿದ್ದೆ. ಗಟ್ಟಿಯಾಗಿ ತುಂಬಿದ ಹತ್ತಿ 100 ಹರ್ಟ್ಜ್‌ನಿಂದ ಮೇಲಕ್ಕೆ ನಿಜವಾಗಿಯೂ ಚೆನ್ನಾಗಿ ಕೆಲಸ ಮಾಡುತ್ತದೆ, ಬಾಡಿಗೆ ಮನೆಯಲ್ಲಿರುವವರು ಧಾರಾಳವಾಗಿ ಪ್ರಯತ್ನಿಸಬಹುದು. ಅಡಿಕೆ ಸಿಪ್ಪೆಯನ್ನು ಗೋಣಿಚೀಲಗಳಲ್ಲಿ ತುಂಬಿ ನೋಡಿದ್ದು ಮಾತ್ರ ವ್ಯರ್ಥವಾಯಿತು: ಫಲಿತಾಂಶ ಕಡಿಮೆ, ಹುಳು ಹೆಚ್ಚು.

ಕೋಣೆಯನ್ನು ನಂಬುವಂತಾದ ಮೇಲೆ, 2016ರಲ್ಲಿ, ಡೊಳ್ಳಿನ ಧ್ವನಿಮುದ್ರಣಕ್ಕೆ ಹೊರಟೆ. ನಮ್ಮ ಊರಿನ ಪಕ್ಕದ ಹಳ್ಳಿಯ ಒಂದು ತಂಡದವರು ಒಪ್ಪಿಕೊಂಡರು. ಡೊಳ್ಳು ಅವರಿಗೆ ದೇವರ ವಾದ್ಯ, ಬೀರಲಿಂಗೇಶ್ವರನ ಪೂಜೆಯ ಭಾಗ. ಅದನ್ನು ಪಬ್‌ಗಳಲ್ಲಿ ನುಡಿಯುವ ಸಂಗೀತಕ್ಕೆ ಬಳಸುತ್ತೇನೆ ಎಂಬುದನ್ನು ನಾನು ಮುಚ್ಚಿಡದೆ ಹೇಳಿದೆ. ದೇವರ ಪದಗಳನ್ನು ಬಳಸಬಾರದು, ಬರಿಯ ಡೊಳ್ಳಿನ ಹೊಡೆತಗಳನ್ನು ತೆಗೆದುಕೊಳ್ಳಬಹುದು ಎಂದು ಹಿರಿಯರು ಕಟ್ಟು ಹಾಕಿದರು. ಅದನ್ನು ಇಂದಿಗೂ ಮೀರಿಲ್ಲ. ಆರು ಮಂದಿಗೆ ದಿನಕ್ಕೆ ತಲಾ ಮೂರು ಸಾವಿರ, ಊಟ, ಬಂದ ಹಣದಲ್ಲಿ ಕಾಲು ಪಾಲು ಎಂದು ಕಾಗದದ ಮೇಲೆ ಬರೆದುಕೊಂಡೆವು. ಸ್ಯಾಂಪಲ್ ಪ್ಯಾಕ್ ಮಾರುವವರು ಈ ಒಂದು ಕಾಗದವನ್ನು ಮಾಡಿಕೊಂಡರೆ ಎಷ್ಟೋ ಜಗಳಗಳು ಇಲ್ಲವಾಗುತ್ತವೆ.

ಮೊದಲ ದಿನ ಗುಡಿಯ ಕಲ್ಲಿನ ಮಂಟಪದಲ್ಲಿ ಮುದ್ರಿಸಿದೆವು. ಕೇಳಲು ಭವ್ಯವಾಗಿತ್ತು, ಬಳಕೆಗೆ ಬರಲಿಲ್ಲ. ಒಂದು ಹೊಡೆತದ ಬಾಲ ಮುಗಿಯುವ ಮೊದಲೇ ಇನ್ನೊಂದು ಬೀಳುತ್ತಿತ್ತು. ಎರಡನೆಯ ಸಲ ಬಯಲಿಗೆ ಹೋದೆವು. ಮನೆಗೆ ಬಂದು ನೋಡಿದರೆ ಎಲ್ಲ ಫೈಲುಗಳಲ್ಲೂ 50 ಮತ್ತು 100 ಹರ್ಟ್ಜ್‌ನಲ್ಲಿ ಒಂದು ಗೆರೆ. ಇನ್ನೂರು ಅಡಿ ದೂರದಲ್ಲಿ ಪಂಪ್‌ಸೆಟ್ ಓಡುತ್ತಿತ್ತು, ಅದರ ಗುಂಯ್ ಶಬ್ದ ಸರಿಯಾಗಿ ನನಗೆ ಬೇಕಾದ ಜಾಗದಲ್ಲೇ ಕುಳಿತಿತ್ತು. ಅದನ್ನು ಕತ್ತರಿಸಿದರೆ ಡೊಳ್ಳೂ ಗಾಯಗೊಳ್ಳುತ್ತಿತ್ತು. ಎರಡು ದಿನದ ಕೂಲಿ, ಗಾಡಿ ಬಾಡಿಗೆ, ಊಟ ಸೇರಿ 45 ಸಾವಿರದಷ್ಟು ಹೀಗೆ ಹೋಯಿತು. ಮೂರನೆಯ ಸಲ, ಹಳ್ಳಿಯಲ್ಲಿ ಕರೆಂಟು ತೆಗೆಯುವ ಹೊತ್ತನ್ನು ಕೇಳಿಕೊಂಡು, ಮೆಕ್ಕೆಜೋಳ ಕೊಯ್ದ ಹೊಲದ ನಡುವೆ ಬ್ಯಾಟರಿ ರೆಕಾರ್ಡರ್ ಇಟ್ಟು ಮುದ್ರಿಸಿದೆ. ಒಂದು ಕಿಕ್ ಡ್ರಮ್ ಮೈಕ್ ಹತ್ತಿರದಲ್ಲಿ, ಒಂದು ದೊಡ್ಡ ಡಯಾಫ್ರಮ್ ಮೈಕ್ ಸುಮಾರು ಆರು ಅಡಿ ದೂರದಲ್ಲಿ, ಗಾಳಿಗೆ ಅಡ್ಡವಾಗಿ ಕಂಬಳಿ. ಇಂದಿಗೂ ನಾನು ಹೆಚ್ಚಾಗಿ ಬಳಸುವುದು ಆ ಮೂರು ಗಂಟೆಯ ಫೈಲುಗಳನ್ನೇ.

ಅಲ್ಲಿಯೇ ಇನ್ನೊಂದು ವಿಷಯ ಕಲಿತೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿದ ಚರ್ಮಕ್ಕೂ ಸಂಜೆ ತಂಪಾದ ಚರ್ಮಕ್ಕೂ ಶ್ರುತಿಯಲ್ಲಿ ಎರಡು ಅರ್ಧಸ್ವರಗಳಷ್ಟು ವ್ಯತ್ಯಾಸ ಬಂತು. ಮಧ್ಯಾಹ್ನದ ಮುಖ್ಯ ಡೊಳ್ಳು, ಹೊಡೆದ ಕ್ಷಣದಲ್ಲಿ ಸುಮಾರು 100 ಹರ್ಟ್ಜ್‌ನಿಂದ ಜಾರಿ 87ರಲ್ಲಿ ನಿಲ್ಲುತ್ತಿತ್ತು. ಈ 87 ಎಂದರೆ ಎಫ್ ಸ್ವರ. ಅದರ ಒಂದು ಸ್ಥಾಯಿ ಕೆಳಗಿನ ಎಫ್ ಎಂದರೆ 43.65 ಹರ್ಟ್ಜ್, ಸಬ್‌ಬಾಸ್‌ಗೆ ಹೇಳಿ ಮಾಡಿಸಿದ ಜಾಗ. ಹೀಗಾಗಿ ನಾನು ಟ್ರ್ಯಾಕ್‌ನ ಶ್ರುತಿಗೆ ಡೊಳ್ಳನ್ನು ಎಳೆಯುವುದನ್ನು ಬಿಟ್ಟು, ಡೊಳ್ಳಿನ ಶ್ರುತಿಯಲ್ಲಿಯೇ ಟ್ರ್ಯಾಕ್ ಬರೆಯತೊಡಗಿದೆ. ಪಿಚ್ ಬದಲಿಸಿದ ಡೊಳ್ಳಿನಲ್ಲಿ ಚರ್ಮದ ಬಿಗಿತ ಸುಳ್ಳಾಗಿ ಕೇಳಿಸುತ್ತದೆ. ಇದು ನನ್ನ ದೃಢವಾದ ಅಭಿಪ್ರಾಯ.

ಸೀರಮ್‌ನಲ್ಲಿ ಒಂದು ಶುದ್ಧ ಸೈನ್ ಅಲೆ ಇಟ್ಟು, ಡೊಳ್ಳಿನ ಜಾರುವಿಕೆಯನ್ನು ಅರ್ಧ ಕಂಪನಾಂಕದಲ್ಲಿ ಅನುಸರಿಸುವಂತೆ, 50ರಿಂದ 43.65ಕ್ಕೆ ಸುಮಾರು 120 ಮಿಲಿಸೆಕೆಂಡಿನಲ್ಲಿ ಇಳಿಯುವ ಪಿಚ್ ಎನ್ವಲಪ್ ಕೊಟ್ಟೆ. ಟಿಆರ್-808 ಡ್ರಮ್ ಯಂತ್ರದ ಕಿಕ್ ಕೂಡ ಹೀಗೆಯೇ ಜಾರುವುದರಿಂದ ಕಲ್ಪನೆ ಹೊಸದೇನಲ್ಲ. ಡೊಳ್ಳು ಸಬ್‌ನ ಹೊಡೆತವಾಗಬೇಕು, ಸಬ್ ಡೊಳ್ಳಿನ ಬಾಲವಾಗಬೇಕು ಎಂಬುದು ನನ್ನ ಲೆಕ್ಕ. ಕಾಗದದ ಮೇಲೆ ಎಲ್ಲವೂ ಸರಿಯಿತ್ತು, ಆದರೆ ಕೇಳಿದರೆ ಕೆಸರು. ಸೈನ್ ಒಂದೇ ಇದ್ದಾಗ ಚೆನ್ನಾಗಿತ್ತು. ಸಣ್ಣ ಸ್ಪೀಕರಿನಲ್ಲೂ ಕೇಳಿಸಲೆಂದು ಸ್ಯಾಚುರೇಷನ್ ಹಾಕಿದ ಕೂಡಲೇ ಒಂದು ಬಗೆಯ ಗರಗರ ಶುರುವಾಗುತ್ತಿತ್ತು. ಡೊಳ್ಳು ಬಿದ್ದಾಗ ಸಬ್ ತಗ್ಗುವಂತೆ ಸೈಡ್‌ಚೈನ್ ಹಾಕಿದೆ, ಕಂಪ್ರೆಸರ್ ಬದಲಿಸಿದೆ, 11 ಸಾವಿರದ ಪ್ಲಗಿನ್ ಒಂದನ್ನು ಕೊಂಡೆ. ಒಂದು ವರ್ಷ ಕಳೆಯಿತು. ಎಂಜಿನಿಯರ್‌ಗಳು ತಮ್ಮ ಮೊದಲಿನ ಸಲಹೆಯನ್ನು ನೆನಪಿಸಿದರು.

ಈ ಒಗಟನ್ನು ಬಿಡಿಸಿದ್ದು ನಮ್ಮ ಕಚೇರಿಯಲ್ಲಿದ್ದ ಮೃದಂಗ ನುಡಿಸುವ ಗೆಳೆಯನ ಒಂದು ಮಾತು. ಡೊಳ್ಳಿಗೆ ಕರಣೆ ಎಲ್ಲಿದೆ ಎಂದು ಅವನು ಕೇಳಿದ. ಮೃದಂಗ, ತಬಲಾಗಳ ನಡುವೆ ಮೆತ್ತುವ ಕಪ್ಪು ಕರಣೆಯ ಭಾರದಿಂದಲೇ ಅವುಗಳ ಮೇಲ್ದನಿಗಳು ಪೂರ್ಣಾಂಕದ ಅನುಪಾತಕ್ಕೆ ಬರುತ್ತವೆ ಎಂಬುದನ್ನು ಸಿ. ವಿ. ರಾಮನ್ 1920ರಲ್ಲಿಯೇ ತೋರಿಸಿದ್ದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದನ್ನು ವಿವರವಾಗಿ ಬರೆದರು. ಡೊಳ್ಳಿಗೆ ಕರಣೆ ಇಲ್ಲ. ಬರಿಯ ಚರ್ಮದ ಎರಡನೆಯ ದನಿ ಮೂಲದ 1.59 ಪಟ್ಟಿನ ಸುತ್ತ ಬರುತ್ತದೆ; ನನ್ನ ಡೊಳ್ಳಿನಲ್ಲಿ ಅಳೆದರೆ 139 ಹರ್ಟ್ಜ್ ಬಂತು. ನಾನು ಬಳಸುತ್ತಿದ್ದ ಟೇಪ್ ಬಗೆಯ ಸ್ಯಾಚುರೇಷನ್, ಅಲೆಯ ಎರಡೂ ಬದಿಗಳನ್ನು ಸಮನಾಗಿ ಒತ್ತುವುದರಿಂದ, ಸಬ್‌ಗೆ ಬೆಸ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲದ ಮೂರು, ಐದು ಪಟ್ಟಿನ ಮೇಲ್ದನಿಗಳನ್ನು, ಸೇರಿಸುತ್ತಿತ್ತು. 43.65ರ ಮೂರು ಪಟ್ಟು ಎಂದರೆ 131. ಒಂದು ಕಡೆ 131, ಇನ್ನೊಂದು ಕಡೆ 139, ಸೆಕೆಂಡಿಗೆ ಎಂಟು ಸಲ ಬಡಿದಾಡುತ್ತಿದ್ದವು. ವರ್ಷವಿಡೀ ನಾನು ಕೆಸರು ಎಂದು ಕರೆಯುತ್ತಿದ್ದುದು ಆ ಬಡಿದಾಟವನ್ನು.

ಅಲೆಯ ಒಂದು ಬದಿಯನ್ನು ಮಾತ್ರ ಹೆಚ್ಚು ಒತ್ತುವ ಅಸಮ ಸ್ಯಾಚುರೇಷನ್‌ಗೆ ಬದಲಿಸಿದ ರಾತ್ರಿಯನ್ನು ನಾನು ಮರೆಯುವುದಿಲ್ಲ. ಅದರಿಂದ ಹುಟ್ಟುವುದು ಮುಖ್ಯವಾಗಿ ಸಮ ಹಾರ್ಮೋನಿಕ್‌ಗಳು, ಎರಡನೆಯದು 87.3, ಅಂದರೆ ಡೊಳ್ಳಿನ ಮೂಲದನಿಯೇ. ಎರಡೂ ಒಂದರ ಮೇಲೊಂದು ಕುಳಿತು ಒಂದೇ ವಾದ್ಯವಾಗಿ ಕೇಳಿಸಿದವು. ಅದರ ಮೇಲೆ ಡೊಳ್ಳಿನ 139 ಮತ್ತು 186ರ ಬಳಿ ಈಕ್ಯೂನಿಂದ (ಆಯ್ದ ಕಂಪನಾಂಕದ ಮಟ್ಟವನ್ನು ಏರಿಳಿಸುವ ಸಾಧನ) ಕಿರಿದಾದ ಗುಂಡಿಗಳನ್ನು ತೋಡಿದೆ, ಮೊದಲನೆಯದು ಆರು ಡೆಸಿಬಲ್, ಎರಡನೆಯದು ಮೂರು. ಅಷ್ಟಕ್ಕೆ ಡೊಳ್ಳಿನ ಗುರುತು ಹೋಗುವುದಿಲ್ಲ. ನಾಲ್ಕನೆಯ ಹಾರ್ಮೋನಿಕ್ 175ರಲ್ಲಿಯೂ ಎಂಟನೆಯದು 349ರಲ್ಲಿಯೂ ಬರುವುದರಿಂದ ಮೊಬೈಲ್ ಸ್ಪೀಕರ್‌ಗೂ ಕಚ್ಚಿಕೊಳ್ಳಲು ಏನಾದರೂ ಸಿಗುತ್ತದೆ, ಇಲ್ಲದ ಮೂಲಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಫೋನಿನಲ್ಲಿ ಬಾಸ್ ಕೇಳಿಸುವುದೇ ಇಲ್ಲವೆಂದು ಹೇಳಿದ್ದವರಿಗೆ ನಾನು ಫೋನಿನಲ್ಲಿಯೇ ಹಾಕಿ ತೋರಿಸಿದೆ.

ಒಂದು ಅಂಶವನ್ನು ಇಲ್ಲಿ ಬಿಟ್ಟಿದ್ದೇನೆ. ಡೊಳ್ಳು ಜಾರುತ್ತಿರುವ ಆ 120 ಮಿಲಿಸೆಕೆಂಡಿನಲ್ಲಿ ಅದರ ಫೇಸ್‌ಗೆ (ಅಲೆಯ ಏರಿಳಿತದ ಹೊತ್ತಿಗೆ) ಸಬ್‌ನ ಎರಡನೆಯ ಹಾರ್ಮೋನಿಕ್ ಹೊಂದಿಕೊಂಡಿರಬೇಕು, ಇಲ್ಲದಿದ್ದರೆ ಒಂದು ಹೊಡೆತ ದಪ್ಪ, ಮುಂದಿನದು ತೆಳು ಆಗುತ್ತದೆ. ಅದನ್ನು ಪ್ರತಿ ಹೊಡೆತಕ್ಕೂ ಕೈಯಿಂದ ಸರಿಪಡಿಸದೆ ಹಿಡಿಯುವ ಒಂದು ಉಪಾಯ ನನ್ನ ಬಳಿ ಇದೆ. ಅದು ಕೊಂಡ ಪ್ಲಗಿನ್ ಅಲ್ಲ, ಏಬಲ್ಟನ್‌ನೊಳಗಿನ ಸಾಧನಗಳಿಂದಲೇ ಆದದ್ದು ಎಂಬಷ್ಟನ್ನು ಹೇಳಬಲ್ಲೆ; ಉಳಿದದ್ದು ಸದ್ಯಕ್ಕೆ ನನ್ನಲ್ಲೇ ಇರಲಿ.

ಲಯದ ವಿಷಯದಲ್ಲಿಯೂ ಒಂದು ವರ್ಷ ಎಡವಿದೆ. ಡೊಳ್ಳಿನವರು ಬಿಸಿಯೇರಿದಂತೆ ವೇಗ ಹೆಚ್ಚಿಸುತ್ತಾರೆ. ಎಂಟು ನಿಮಿಷದಲ್ಲಿ 132ರಿಂದ 150ರ ಹತ್ತಿರ ಹೋಗಿದ್ದರು. ಎಲ್ಲರ ಕಿವಿಗೂ ವೇಗ ಹಿಡಿದಿಡುವ ಕ್ಲಿಕ್ ಸದ್ದು ಕೊಟ್ಟಾಗ ಕುಣಿತವೂ ನಿಂತಿತು, ಹೊಡೆತದ ಜೀವವೂ ಹೋಯಿತು. ಕೊನೆಗೆ ತಾಳ ಹಿಡಿದವರೊಬ್ಬರ ಒಂದು ಕಿವಿಗೆ ಮಾತ್ರ ಕ್ಲಿಕ್ ಕೊಟ್ಟೆ. ತಂಡ ಅವರ ತಾಳವನ್ನು ಅನುಸರಿಸಿತು, ವೇಗ 140ರ ಆಚೀಚೆ ಎರಡು ಬಿಪಿಎಂನೊಳಗೆ ನಿಂತಿತು, ಕುಣಿತವೂ ಉಳಿಯಿತು. ಆ ಅಲುಗಾಟವನ್ನು ನಾನು ಕ್ವಾಂಟೈಸ್ ಮಾಡಿ ಕಂಪ್ಯೂಟರಿನ ಗೆರೆಗೆ ಕೂರಿಸುವುದಿಲ್ಲ, ಸಬ್ ಅನ್ನೇ ಅದಕ್ಕೆ ತಕ್ಕಂತೆ ಸರಿಸುತ್ತೇನೆ.

ನಡುವೆ ತಮಟೆಯ ಕಡೆಗೂ ಹೋಗಿ ಬಂದೆ. ಹೈ-ಹ್ಯಾಟ್‌ನ ಜಾಗದಲ್ಲಿ ತಮಟೆಯ ಕಡ್ಡಿ ಏಟನ್ನು ಕೂರಿಸುವ ಯೋಚನೆ. ಬೆಂಕಿಗೆ ಕಾಯಿಸಿದ ಕೂಡಲೇ, ಐದು ನಿಮಿಷದ ಬಳಿಕ, ಹದಿನೈದು ನಿಮಿಷದ ಬಳಿಕ ಎಂದು ಮೂರು ಸಲ ಮುದ್ರಿಸಿದಾಗ ಒಂದೇ ವಾದ್ಯದಿಂದ ಮೂರು ಬೇರೆ ವಾದ್ಯಗಳು ಸಿಕ್ಕವು. ಎಸ್‌.ಪಿ. ರಸ್ತೆಯಲ್ಲಿ ಹದಿನೈದು ರೂಪಾಯಿಗೆ ಸಿಗುವ ಕಂಪನವನ್ನು ಮೈಕ್‌ನಂತೆ ಹಿಡಿಯುವ ಪೀಝೋ ತಟ್ಟೆಯನ್ನು ಬೀಸುವ ಕಲ್ಲಿಗೆ ಅಂಟಿಸಿ ತೆಗೆದ ಗೊರಕೆಯಂಥ ಸದ್ದು ನನ್ನ ಎರಡನೆಯ ಟ್ರ್ಯಾಕ್‌ನ ಮೊದಲ ಮೂವತ್ತು ಸೆಕೆಂಡಿನಲ್ಲಿ ಕೇಳಿಸುತ್ತದೆ. ಹಲವರು ಅದನ್ನು ಸಿಂಥ್ ಎಂದುಕೊಂಡಿದ್ದಾರೆ.

ಬಿಡುಗಡೆಗೆ ಮುನ್ನ ಕೊನೆಯ ಹದ ಮಾಡುವ ಮಾಸ್ಟರಿಂಗ್‌ನಲ್ಲಿ ಮತ್ತೆ ವಿರೋಧ ಬಂತು. ಈ ಬಗೆಯ ಸಂಗೀತವನ್ನು ಮೈನಸ್ 5 ಅಥವಾ 6 ಎಲ್‌ಯುಎಫ್‌ಎಸ್‌ವರೆಗೆ (ಇದು ಸದ್ದಿನ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಒತ್ತುವುದು ವಾಡಿಕೆ. ನಾನು ಮೈನಸ್ 10ಕ್ಕೆ ನಿಲ್ಲಿಸಿದೆ, ಏಕೆಂದರೆ ಅದಕ್ಕಿಂತ ಒತ್ತಿದರೆ ಡೊಳ್ಳಿನ ಮೊದಲ ಏಟು ಚಪ್ಪಟೆಯಾಗುತ್ತಿತ್ತು. ಯಾವ ಡಿಜೆಯೂ ಇಷ್ಟು ಮೆಲ್ಲಗಿರುವುದನ್ನು ಹಾಕುವುದಿಲ್ಲ ಎಂದರು. ಸ್ಟ್ರೀಮಿಂಗ್‌ನಲ್ಲಿ ಹೇಗೂ ಮೈನಸ್ 14ಕ್ಕೆ ಇಳಿಸುತ್ತಾರೆ, ಡಿಜೆಯ ಕೈಯಲ್ಲಿ ಗೇನ್ ಗುಂಡಿ ಇದ್ದೇ ಇದೆ ಎಂದು ನಾನು ಬಗ್ಗಲಿಲ್ಲ.

2019ರ ಆರಂಭದಲ್ಲಿ ಗೋವಾದಲ್ಲಿ, ರೆಗೆ ಪರಂಪರೆಯಲ್ಲಿ ಕೈಯಿಂದ ಕಟ್ಟಿದ ಸೌಂಡ್ ಸಿಸ್ಟಮ್ ಒಂದರ ಮೇಲೆ ಮಧ್ಯಾಹ್ನ ಪರೀಕ್ಷೆಗೆಂದು ಈ ಟ್ರ್ಯಾಕ್ ಹಾಕಲು ಹತ್ತು ನಿಮಿಷ ಸಿಕ್ಕಿತು. ಮೊದಲ ಡೊಳ್ಳು ಬಿದ್ದಾಗ ಸ್ಕೂಪ್ ಸ್ಪೀಕರ್ ಪೆಟ್ಟಿಗೆಗಳ ಮುಂದಿನ ಮರಳು ಕದಲಿತು, ಲಿಮಿಟರ್ ದೀಪ ಹೊತ್ತಿಕೊಳ್ಳಲಿಲ್ಲ. ಸಿಸ್ಟಮ್‌ನ ಯಜಮಾನರು ಬಂದು ಇದರಲ್ಲಿ ಕಿಕ್ ಯಾವುದು, ಬಾಸ್ ಯಾವುದು ಎಂದು ಕೇಳಿದರು. ಆ ಪ್ರಶ್ನೆಗಾಗಿಯೇ ನಾನು ಮೂರು ವರ್ಷ ದುಡಿದಿದ್ದೆ. ಅದೇ ರಾತ್ರಿ ಅವರು ಅದನ್ನು ಎರಡು ಸಲ ನುಡಿಸಿದರು. ನನಗೆ ಸಲಹೆ ಕೊಟ್ಟಿದ್ದ ಎಂಜಿನಿಯರ್‌ಗಳಲ್ಲಿ ಒಬ್ಬರು ಇತ್ತೀಚೆಗೆ ತಮ್ಮ ಒಂದು ಕೆಲಸಕ್ಕೆ ಸಮ ಹಾರ್ಮೋನಿಕ್‌ನ ವಿಷಯ ಕೇಳಿಕೊಂಡು ನನ್ನ ಮನೆಗೆ ಬಂದಿದ್ದರು.

ಇಂಗ್ಲೆಂಡಿನ ಒಂದು ಸಣ್ಣ ಲೇಬಲ್ ಎರಡು ಟ್ರ್ಯಾಕ್‌ಗಳನ್ನು ಹನ್ನೆರಡು ಇಂಚಿನ ವಿನೈಲ್‌ಗೆ ತೆಗೆದುಕೊಂಡಿತು. ಸಬ್ ಪೂರ್ತಿ ಮೊನೊ ಆಗಿ, ಎಡಬಲ ಎರಡರಲ್ಲೂ ಒಂದೇ ಇದ್ದುದರಿಂದ ಕಟಿಂಗ್‌ನಲ್ಲಿ ಒಂದು ತಿದ್ದುಪಡಿಯೂ ಬೇಕಾಗಲಿಲ್ಲ. ಕೆಳದನಿಯಲ್ಲಿ ಎಡಬಲದ ಫೇಸ್ ಬೇರೆಯಾದರೆ ಮುಳ್ಳು ಗೀರಿನಿಂದ ಹಾರುತ್ತದೆ ಎಂಬುದು ನೆನಪಿರಲಿ. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟು ವಿನೈಲ್‌ನ ಮೂಲ ಗೀರುಗಳನ್ನು ಕೊರೆಯುವ ಲ್ಯಾಕರ್ ತಟ್ಟೆಗಳಿಗೆ ಅಭಾವ ಬಂತು, ಹಿಂದೆಯೇ ಕೋವಿಡ್ ಬಂತು. ಅಚ್ಚಾದ ವಿನೈಲ್ ಕೈಸೇರಿದ್ದು 2021ರಲ್ಲಿ. 300 ಪ್ರತಿಗಳಿಂದ ನನ್ನ ಪಾಲಿಗೆ 48 ಸಾವಿರ ರೂಪಾಯಿಯಷ್ಟು ಬಂತು. ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ತನ್ನ ಶೇಕಡಾ 15 ಮುರಿದುಕೊಂಡ ಮೇಲೆಯೂ ಎರಡು ವರ್ಷದಲ್ಲಿ 70 ಸಾವಿರ ಕೊಟ್ಟಿದೆ. ಸ್ಟ್ರೀಮಿಂಗ್‌ನಲ್ಲಿ ಸುಮಾರು ಎರಡು ಲಕ್ಷ ಸಲ ಕೇಳಿದ್ದಕ್ಕೆ ಬಂದದ್ದು 20 ಸಾವಿರಕ್ಕಿಂತ ಕಡಿಮೆ. ನೇರ ಪ್ರದರ್ಶನಕ್ಕೆ ಈಗ 25ರಿಂದ 40 ಸಾವಿರ ಕೇಳುತ್ತೇನೆ, ತಿಂಗಳಿಗೆ ಒಂದೆರಡು ಸಿಗುತ್ತವೆ. ಕಚೇರಿಯ ಕೆಲಸವನ್ನು ಬಿಟ್ಟಿಲ್ಲ. ಡೊಳ್ಳಿನ ತಂಡದ ಕಾಲು ಪಾಲನ್ನು ಪ್ರತಿ ಯುಗಾದಿಗೆ ಲೆಕ್ಕದ ಹಾಳೆಯೊಂದಿಗೆ ಒಪ್ಪಿಸುತ್ತೇನೆ. ಇಲ್ಲಿಯವರೆಗೆ 35 ಸಾವಿರ ದಾಟಿದೆ, ಅದರಲ್ಲಿ ಅವರು ಎರಡು ಡೊಳ್ಳುಗಳಿಗೆ ಹೊಸ ಚರ್ಮ ಹಾಕಿಸಿದ್ದಾರೆ.

ಕಳೆದ ಶ್ರಾವಣದಲ್ಲಿ ಮತ್ತೆ ಅದೇ ಹೊಲಕ್ಕೆ ಹೋಗಿದ್ದೆ. ಮಳೆಯ ತೇವಕ್ಕೆ ಸಡಿಲಾದ ಚರ್ಮ 73 ಹರ್ಟ್ಜ್‌ನಲ್ಲಿ, ಅಂದರೆ ಡಿ ಸ್ವರದಲ್ಲಿ ನಿಂತಿತು, ಮಧ್ಯಾಹ್ನದ ಬಿಸಿಲಿನ ಡೊಳ್ಳಿಗಿಂತ ಎಷ್ಟೋ ಗಂಭೀರವಾಗಿ. ಅದರ ಸಬ್ 36.7ಕ್ಕೆ ಇಳಿಯುತ್ತದೆ. ನಮ್ಮ ಪಬ್‌ಗಳ ಬಹುತೇಕ ಸಿಸ್ಟಮ್‌ಗಳಲ್ಲಿ 40ಕ್ಕಿಂತ ಕೆಳಗಿನದನ್ನು ಫಿಲ್ಟರ್ ಹಾಕಿ ತಡೆದಿರುತ್ತಾರೆ, ಆದ್ದರಿಂದ ಅಲ್ಲಿ ಆ ಟ್ರ್ಯಾಕ್‌ನ ಮೂಲಸ್ವರವೇ ಇರುವುದಿಲ್ಲ. ಸದ್ಯ ಅದನ್ನು ಅಷ್ಟು ಆಳಕ್ಕೆ ಇಳಿಯಬಲ್ಲ ಮೂರು ಸಿಸ್ಟಮ್‌ಗಳವರಿಗೆ ಮಾತ್ರ ಕಳುಹಿಸಿದ್ದೇನೆ. 139ರ ಗುಂಡಿ ಇಲ್ಲಿ 116ರ ಬಳಿಗೆ ಬಂದಿದೆ, ಸ್ಯಾಚುರೇಷನ್ ಇನ್ನೂ ಹದಕ್ಕೆ ಬಂದಿಲ್ಲ.